ಎರಡನೇ ಮೆಟ್ಟಿಲಿನ ಬಣ್ಣ

ಯಾವ ಕಾಲವೋ, ಬರೆದಿಟ್ಟವರಿಲ್ಲ. ಒಂದು ಊರಿತ್ತು. ಯಾವುದೋ ಊರಲ್ಲ, ನಮ್ಮ ಬೆಣಕಲ್ಲು. ಊರಿಗೊಂದು ಮೆಟ್ಟಿಲ ಬಾವಿ. ಸುತ್ತ ಹದಿನಾಲ್ಕು ಹಳ್ಳಿಯಲ್ಲಿ ಅಂಥದ್ದು ಇನ್ನೊಂದಿದ್ದರೆ ತೋರಿಸಲಿ, ಮೀಸೆ ಬೋಳಿಸುತ್ತೇವೆ.

ಅದನ್ನು ಕಡಿದವನು ಕಲ್ಲುಕುಟಿಗ ಯಮನಪ್ಪ. ಏಳು ದಿನದಲ್ಲಿ ಒಬ್ಬನೇ ಕಡಿದನಂತೆ. ಮೂರೇ ದಿನ ಅನ್ನುವವರೂ ಇದ್ದಾರೆ. ತಳದ ಬಂಡೆ ಮಾತ್ರ ಉಳಿಗೆ ಬಗ್ಗಲಿಲ್ಲ. ಹಾಗಾಗಿ ತಳವೇ ಮೊದಲ ಮೆಟ್ಟಿಲಾಯಿತು; ಅಲ್ಲಿಂದ ಎರಡನೇ ಮೆಟ್ಟಿಲಿಗೆ ಎದೆಯೆತ್ತರ, ಅಲ್ಲಿಂದ ಮೂರಕ್ಕೆ ಗೇಣು, ನಾಲ್ಕಕ್ಕೆ ನಾಲ್ಕೇ ಬೆರಳು. ಜನ ನಕ್ಕರು. ಯಮನಪ್ಪನೂ ನಕ್ಕ.

ಕೈ ಸೋತ ಮೇಲೆ ಅವನು ಊರ ಕಾಲೇಜಿಗೆ ಜವಾನನಾದ. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ತನಗೆ ತಿಳಿಸಿ ಹೇಳುವತನಕ ಒರೆಸುತ್ತಿರಲಿಲ್ಲವಂತೆ. ಹೀಗೆ ಇಪ್ಪತ್ತು ವರ್ಷ ಒರೆಸಿದ.

ಒಂದು ವರ್ಷ ಮೇಲಿನವರಿಂದ ಕಾಗದ ಬಂತು. ಈ ಸಲ ಭೌತಶಾಸ್ತ್ರದಲ್ಲಿ ಒಬ್ಬರೂ ಪಾಸಾಗದಿದ್ದರೆ ವಿಜ್ಞಾನ ವಿಭಾಗ ಮುಚ್ಚುತ್ತೇವೆ ಅಂತ. ಬರೆಯುವ ಪರೀಕ್ಷೆಯಲ್ಲೇ ಎಲ್ಲರೂ ಡುಮ್ಕಿ ಹೊಡೆದು, ಉಳಿದದ್ದು ಹಸೀನಾ ಎಂಬ ಹುಡುಗಿ ಒಬ್ಬಳು. ಅವಳಿಗೂ ಮೌಖಿಕ ಪರೀಕ್ಷೆಯೊಂದು ಬಾಕಿ.

ಹಸೀನಾಗೆ ಎಲ್ಲ ಬಾಯಿಪಾಠ. ಜಲಜನಕದ ಬೆಳಕಿನ ಗೆರೆಗಳು ಬಂದರೆ ಮಾತ್ರ ಕಂಗಾಲು. ಪರಮಾಣುವಿನೊಳಗಿನ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಂದ ಕೆಳಗಿನದಕ್ಕೆ ಹಾರಿದಾಗಲೆಲ್ಲ ಹುಟ್ಟುವ ಗೆರೆಗಳವು. ಯಾವುದು ಲೈಮನ್ ಸರಣಿ, ಯಾವುದು ಬಾಮರ್, ಯಾವುದು ಪಾಶನ್, ಎಲ್ಲ ಕಲಸುಮೇಲೋಗರ. ತಪ್ಪು ಅವಳದಲ್ಲ, ಊರಿನದು. ಬೆಣಕಲ್ಲಿನಲ್ಲಿ ಈಜುವವರಿಗೆ ಹೆಸರು ಬರುವುದೇ ಹಾರಿದ ಮೆಟ್ಟಿಲಿನಿಂದ. ಹತ್ತನೇ ಮೆಟ್ಟಿಲ ಸಿದ್ಧ, ಹದಿನಾರರ ಬಸ್ಯಾ. ಅವಳೂ ಹಾಗೆಯೇ, ಎಲೆಕ್ಟ್ರಾನು ಎಲ್ಲಿಂದ ಹಾರಿತೋ ಅದನ್ನು ನೋಡಿ ಗೆರೆಗೆ ಹೆಸರಿಡುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ಯಮನಪ್ಪ ಅವಳನ್ನು ಬಾವಿಗೆ ಕರೆದೊಯ್ದ. ಬೇಸಿಗೆ, ತಳ ಬತ್ತಿತ್ತು. ಅರವತ್ತು ದಾಟಿದವನು ಧೋತರ ಎತ್ತಿ ಕಟ್ಟಿ, ನಾಲ್ಕನೇ ಮೆಟ್ಟಿಲಿಂದ ಮೂರಕ್ಕೆ ಹಾರಿದ. ಸದ್ದೇ ಇಲ್ಲ. ಮತ್ತೆ ಹತ್ತಿ ನಾಲ್ಕರಿಂದ ಎರಡಕ್ಕೆ. ಧಪ್. ಮತ್ತೆ ನಾಲ್ಕರಿಂದ ತಳಕ್ಕೆ. ಬಾವಿಯೇ ಅದುರಿತಂತೆ, ಪಾರಿವಾಳಗಳು ಎದ್ದು ಹೋದವಂತೆ.

ಹಸೀನಾ ಹೆದರಿ, ಸೊಂಟ ಮುರೀತದ ಕಾಕಾ, ಸಾಕು ಅಂದಳು.

ಯಮನಪ್ಪ ಏದುಸಿರು ಬಿಡುತ್ತ ಹೇಳಿದ: "ಮೂರು ಸಲಾನೂ ನಾಲ್ಕರಿಂದನ ಹಾರೀನಿ. ಮೂರೂ ಒಂದ ಏನು? ಎಲ್ಲಿಂದ ಬಂತು ಅಂತ ಕೇಳಬ್ಯಾಡ ಯವ್ವಾ, ಎಲ್ಲಿ ಬಂದು ನಿಂತು ಅಂತ ಕೇಳು."

ತಳಕ್ಕೆ ಬಂದು ನಿಂತದ್ದೆಲ್ಲ ಲೈಮನ್. ದೊಡ್ಡ ಜಿಗಿತ, ನೇರಳೆಯನ್ನೂ ದಾಟಿದ ಬೆಳಕು, ಕಣ್ಣಿಗೆ ಸಿಗದು. ಎರಡಕ್ಕೆ ನಿಂತದ್ದು ಬಾಮರ್. ಕೆಂಪು, ನೀಲಿಹಸಿರು, ನೇರಳೆ ಕಾಣುವುದು ಅಲ್ಲೇ. ಮೂರಕ್ಕೆ ನಿಂತದ್ದು ಪಾಶನ್. ಸಣ್ಣ ಜಿಗಿತ, ಕೆಂಪಿಗಿಂತಲೂ ಕೆಳಗಿನ ಬೆಳಕು, ಅದೂ ಕಾಣದು. ಏಳನೇ ಇಯತ್ತೆವರೆಗಷ್ಟೇ ಶಾಲೆಗೆ ಹೋದವನು ಇಷ್ಟನ್ನೂ ಬಿಡಿಸಿ ಹೇಳಿದ.

ಮರುದಿನ ಪರೀಕ್ಷಕರು ಕೇಳಿದರು: ನಾಲ್ಕರಿಂದ ಮೂರಕ್ಕೊಂದು, ನಾಲ್ಕರಿಂದ ಎರಡಕ್ಕೊಂದು, ಎರಡೂ ಒಂದೇ ಸರಣಿಯೇನಮ್ಮ? ಹಸೀನಾ ಹೌದು ಅನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಕಿವಿಯೊಳಗೆ ಧಪ್ ಅಂತು.

"ಅಲ್ರೀ ಸರ್. ಹಾರಿದ್ದು ಒಂದ ಮೆಟ್ಲಾದ್ರೂ ನಿಂತದ್ದು ಬ್ಯಾರೆ ಬ್ಯಾರೆ. ಮೂರಕ್ಕ ನಿಂತದ್ದು ಪಾಶನ್, ಎರಡಕ್ಕ ನಿಂತದ್ದು ಬಾಮರ್."

ಪರೀಕ್ಷಕರು ಎದ್ದು ನಿಂತು, ನಿನಗೆ ಕಲಿಸಿದವರು ಯಾರು ಅಂದರಂತೆ. ಅವಳು ಬಾಗಿಲ ಕಡೆ ಕೈ ತೋರಿದಳು. ಅಲ್ಲಿ ಯಮನಪ್ಪ, ಸೊಂಟ ಹಿಡಿದುಕೊಂಡು, ಗಂಟೆ ಹೊಡೆಯಲು ಹೋಗುತ್ತಿದ್ದ.

ವಿಭಾಗ ಉಳಿಯಿತು. ಅಲ್ಲಿಂದ ಎಷ್ಟು ಜನ ಓದಿ ಹೋದರೋ, ಬೆಣಕಲ್ಲಿನವರನ್ನು ಕೇಳಬೇಡಿ, ಸಂಜೆಯವರೆಗೂ ಎಣಿಸುತ್ತೇವೆ.

ಈಗಲೂ ಬೇಸಿಗೆಯಲ್ಲಿ ನೀರು ಇಳಿದಾಗ, ಕಾಲೇಜು ಸೇರುವ ಮಕ್ಕಳು ಬಾವಿಗಿಳಿದು ಎರಡನೇ ಮೆಟ್ಟಿಲಿಗೆ ಕೆಂಪು, ನೀಲಿಹಸಿರು, ನೇರಳೆ ಗೆರೆ ಎಳೆಯುತ್ತಾರೆ. ತಳದ್ದನ್ನೂ ಮೂರನೆಯದನ್ನೂ ಬರಿದೇ ಬಿಟ್ಟು, ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅಲ್ಲಿ ಬೆಳಕಿಲ್ಲವೆಂದಲ್ಲ, ನಮಗೆ ಕಾಣದು, ಅಷ್ಟೇ. ಯಮನಪ್ಪನೂ ಹಾಗೆಯೇ ಇದ್ದಾನೆ ಅಂತಾರೆ.