ಕೆಂಪು ದೀಪಕ್ಕೆ ಅಂಟಿಸಿದ ಬಸ್ ಟಿಕೆಟ್

“ತಿನ್ನೋ ಅನ್ನದ ಮೇಲಾಣೆ, ಇದು ನಡೆದದ್ದು. ಸುಳ್ಳು ಅನ್ಸಿದ್ರೆ ಈಗ್ಲೇ ಎದ್ದೋಗು,” ಅಂದ ಮೋನಪ್ಪ ಮೇಸ್ತ್ರಿ.

ಜೆಸಿಂತಾ ಏಳ್ಲಿಲ್ಲ. ವಿಮಾನ ಓಡಿಸೋದು ಕಲಿಯೋಕೆ ಬಂದವಳು ಅವಳು. ಕೇಳಿದ್ದು ಇಷ್ಟೇ: “ಮೇಲೆ ಹಾರ್ತಿರುವಾಗ ಕರೆಂಟ್ ಕೈಕೊಟ್ರೆ ಯಾವುದನ್ನ ನಂಬ್ಬೇಕು, ಯಾವುದನ್ನ ಅನುಮಾನಿಸ್ಬೇಕು, ಮೇಸ್ತ್ರಿ?”

“ಪುಸ್ತಕದಲ್ಲಿ ಇರಲ್ಲ ಅದು. ನಾನು ಓದಿದ್ದು ಮೂರನೇ ಕ್ಲಾಸು, ಕಲಿಯೋರಿಗೆ ಅಂತ ಇಟ್ಟಿರೋದು ಮೂರು ವಿಮಾನ, ರಿಪೇರೀನೂ ನಂದೇ. ಕೇಳು,” ಅಂತ ಶುರು ಮಾಡ್ದ.

ಇನ್ನೂ ಕಲೀತಿದ್ದ ಒಬ್ಬ ಪೈಲಟ್ ಇದ್ದ. ಮಹಾ ಅನುಮಾನದ ಮನುಷ್ಯ. ಪೆಟ್ರೋಲ್ ಹಾಕೋವಾಗ ಪಕ್ಕದಲ್ಲೇ ನಿಂತು, ಟ್ಯಾಂಕ್ ಬಾಯಿಗೆ ಬಂದ್ಮೇಲೆ ತಾನೇ ಮುಚ್ಚಳ ಬಿಗಿಯೋನು. ಅವತ್ತು ಬೆಳಿಗ್ಗೆ ಹಂಗೇ ಎರಡೂ ಟ್ಯಾಂಕ್ ತುಂಬಿಸ್ಕೊಂಡು ಒಬ್ಬನೇ ಹೊರಟ. ಪಕ್ಕದ ಜಿಲ್ಲೆಗೆ ಹೋಗಿ ವಾಪಸ್ ಬಂದ್ರೆ ಸಾಕು, ಲೈಸೆನ್ಸ್ ಕೈಗೆ ಸಿಗ್ತಿತ್ತು. ಹಾಳಾದ್ರೆ ಇನ್ನೊಂದು ಅವಕಾಶ ಇರ್ಲಿಲ್ಲ.

ಇಪ್ಪತ್ತು ನಿಮಿಷ ಹಾರಿದ್ದ. ಎದುರಿನ ಮೀಟರ್ ಹಲಗೇಲಿ ಒಂದು ಕೆಂಪು ದೀಪ ಹತ್ತಿತು.

ಆ ದೀಪ ಹತ್ತಿದ್ರೆ ಕರೆಂಟ್ ಹುಟ್ಟಿಸೋ ಡೈನಮೊ ಸತ್ತಿದೆ ಅಂತ ಅರ್ಥ. ಉಳಿದಿರೋದು ಬ್ಯಾಟರೀಲಿರೋ ಅರ್ಧ ಗಂಟೆ. ಡೈನಮೊ ಸ್ವಿಚ್ ಒಂದೇ ಒಂದ್ಸಲ ಆರಿಸಿ ಹಾಕಿ ನೋಡ್ಬೇಕು. ಕರೆಂಟ್ ಬರ್ಲಿಲ್ವಾ, ಬೇಡದ್ದೆಲ್ಲ ಆರಿಸಿ, ರೇಡಿಯೋದಲ್ಲಿ ಒಂದು ಮಾತು ಹೇಳಿ, ಹತ್ತಿರದ ಏರೋಡ್ರೋಮಲ್ಲಿ ಇಳೀಬೇಕು. ಇಂಜಿನ್ನೇನೂ ನಿಲ್ಲಲ್ಲ. ಅದಕ್ಕೆ ಕಿಡಿ ಕೊಡೋ ಮ್ಯಾಗ್ನೆಟೋ ಬೇರೆ, ಬ್ಯಾಟರಿ ಹಂಗು ಅದಕ್ಕಿಲ್ಲ.

ಪೈಲಟ್ ದೀಪಾನ ಓರೆಗಣ್ಣಲ್ಲಿ ನೋಡ್ದ. ಹಿಂದೆ ಎರಡು ಸಲ ಸುಮ್ಸುಮ್ನೆ ಹತ್ತಿತ್ತು ಅದು. ಇವತ್ತೂ ನಾಟಕ ಆಡ್ತಿದೆ ಅಂದ್ಕೊಂಡ. ಜೇಬಲ್ಲಿದ್ದ ಬಸ್ ಟಿಕೆಟ್ಟಿಗೆ ಎಂಜಲು ಹಚ್ಚಿ ಅದರ ಮೂತಿಗೆ ಅಂಟಿಸ್ದ. ಪಕ್ಕದಲ್ಲಿ ಕರೆಂಟ್ ಅಳೆಯೋ ಮುಳ್ಳೂ ಎಡಕ್ಕೆ ಬಿದ್ದಿತ್ತು. ಅದೂ ದೀಪದ ಕಡೇದೇ, ಇಬ್ರೂ ಸೇರ್ಕೊಂಡಿದ್ದಾರೆ ಅಂತ ಬಿಟ್ಟ. ಎಲ್ಲ ಸ್ವಿಚ್ಚೂ ಹಾಕಿದ್ದು ಹಾಕಿದ್ದಂಗೇ ಇತ್ತು.

ರೇಡಿಯೋ ಗಂಟಲು ಕಟ್ಟಿದಂಗಾಯ್ತು. ಕೆಳಗಿರೋನು ಬೀಡಿ ಕಚ್ಕೊಂಡು ಮಾತಾಡ್ತಿದ್ದಾನೆ ಅಂತ ಅವನನ್ನೂ ಬೈದ. ಆಮೇಲೆ ಅದೂ ಸುಮ್ಮನಾಯ್ತು. ಸ್ವಲ್ಪ ಹೊತ್ತಿಗೆ ಪೆಟ್ರೋಲ್ ತೋರಿಸೋ ಎರಡು ಮುಳ್ಳೂ ಒಟ್ಟಿಗೆ ಸೊನ್ನೇಲಿ ಮಲಗಿದ್ವು.

ಕರೆಂಟ್ ಇಲ್ದೆ ಮಲಗಿದ ಮುಳ್ಳು ಅದು. ಇಂಜಿನ್ ಗುಂಯ್ ಅಂತಾನೇ ಇತ್ತು. ಮುಚ್ಚಳ ಬಿಗಿದಿದ್ದು ಇವನ ಕೈಯೇ, ಆದ್ರೂ ಯಾವನೋ ಅಡಿಯಿಂದ ಪೈಪ್ ಹಾಕಿ ಎಳ್ಕೊಂಡಿದ್ದಾನೆ ಅಂತ ಅನುಮಾನ ಹತ್ತಿತು. ಇಂಜಿನ್ ನಿಲ್ಲೋದ್ರೊಳಗೆ ಇಳೀಬೇಕು ಅಂತ ಕೆಳಗೆ ಕಂಡ ಹುರುಳಿ ಹೊಲಕ್ಕೆ ಇಳಿಸ್ದ. ವೇಗ ತಗ್ಗಿಸೋ ರೆಕ್ಕೆ ಪಟ್ಟೀನೂ ಕರೆಂಟಿಂದು, ಬರ್ಲಿಲ್ಲ. ಬದುವಿಗೆ ಹೊಡೆದು ಮುಂದಿನ ಚಕ್ರ ಮುರೀತು, ಮೂತಿಯ ಪಂಖ ಮಡಚ್ಕೊಂಡು ಇಂಜಿನ್ ಸೀಳ್ತು. ಪೈಲಟ್ಟಿಗೆ ಮೊಣಕೈ ತರಚಿತ್ತು, ಅಷ್ಟೇ.

ಹೊಲದ ರೈತ ಬಂದ. “ಯಾಕಣ್ಣ ಇಲ್ಲಿಗ್ ಬಂದೆ?”

“ಪೆಟ್ರೋಲ್ ಖಾಲಿ. ಯಾವನೋ ಕದ್ದವ್ನೆ.”

ರೈತ ಮೂಗು ಅರಳಿಸ್ದ. ರೆಕ್ಕೆ ಹತ್ತಿ ಮುಚ್ಚಳ ಬಿಚ್ಚಿ, ತೊಗರಿ ಕಡ್ಡಿ ಅದ್ದಿ ಮೇಲೆತ್ತಿದ. ಗೇಣುದ್ದ ಒದ್ದೆ. “ನಮ್ ಪಂಪಿಗೆ ಇಷ್ಟಿದ್ರೆ ಯುಗಾದಿಗಂಟ ಓಡುತ್ತೆ. ಕದ್ದೋನು ಒಳ್ಳೇನು ಬಿಡು, ಎಲ್ಲಾ ವಾಪಸ್ ತಂದ್ ಹಾಕವ್ನೆ.”

ಪೈಲಟ್ ಕಡ್ಡಿ ಇಸ್ಕೊಂಡು ಮೂಸಿ ನೋಡ್ದ. ನೀರೇನಾದ್ರೂ ಇರ್ಬೋದು ಅಂತ.

ಲೈಸೆನ್ಸ್ ಬರ್ಲಿಲ್ಲ. ಇವತ್ತು ಟೆಂಪೋ ಓಡಿಸ್ತಾನೆ.

ಮೋನಪ್ಪ ಮಾತು ನಿಲ್ಲಿಸ್ದ. ಜೆಸಿಂತಾ ಕೇಳಿದ್ಲು: “ಯಾರನ್ನೂ ನಂಬದ ಮನುಷ್ಯ ಅವನು. ಆ ದೀಪ ಸುಳ್ಳು ಅನ್ನೋದನ್ನ ಮಾತ್ರ ಅಷ್ಟು ಗಟ್ಟಿಯಾಗಿ ಹೆಂಗೆ ನಂಬ್ದ, ಮೇಸ್ತ್ರಿ?”

“ಲೂಸ್ ವೈರು, ಅದರ ಕಡೆ ನೋಡ್ಲೇಬೇಡ ಅಂತ ಎರಡು ಸಲಾನೂ ಅವನಿಗೆ ಹೇಳಿದ್ದು ನಾನೇ ತಾಯಿ, ನನ್ನ ವಿಮಾನಕ್ಕೆ ನನ್ನ ಜೇಬಿಂದ ಹೋದದ್ದು ಹನ್ನೊಂದು ಲಕ್ಷದ ನಲವತ್ತಾರು ಸಾವಿರದ ಮುನ್ನೂರು ರೂಪಾಯಿ.”