‘ಹೋಗಿ ಬಾ’ ಅಂದ ವಿಠ್ಠಲಪಾದ್ರಿ

ನಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದಿದ್ದ ಕಾಲದಲ್ಲಿ, ಬಿಳಿ ಸೋಲ್ಜರುಗಳ ದಂಡಿನ ಮಗ್ಗುಲಿಗೆ ಒಂದು ಊರಿತ್ತಂತೆ, ಈ ನಮ್ಮ ಕೊಪ್ಪಲೇ. ದಂಡಿನಲ್ಲೊಬ್ಬ ಪಾದ್ರಿ. ಅವನ ಹೆಸರು ವಿಟ್ಲೋ. ನಮ್ಮವರ ಬಾಯಲ್ಲಿ ಅದು ನಿಲ್ಲಬೇಕಲ್ಲ, ವಿಠ್ಠಲಪಾದ್ರಿ ಆಯಿತು. ಸೋಲ್ಜರುಗಳು ಯಾವ ಸೀಮೆಗೆ ಯುದ್ಧಕ್ಕೆ ಹೋದರೂ ಬೆನ್ನಿಗೆ ಹೋಗಿ, ಸತ್ತವರನ್ನು ಪುಸ್ತಕ ಓದಿ ಮಣ್ಣು ಮಾಡುವುದು ಅವನ ಕೆಲಸ. ಕತ್ತಿ ಹಿಡಿದವನಲ್ಲ, ಆದರೂ ಅವನಷ್ಟು ಸಾವು ಕಂಡವನು ದಂಡಿನಲ್ಲೇ ಇರಲಿಲ್ಲ ಅಂತಾರೆ.

ಮನೆಗೆ ಹಾಲು ಹಾಕುತ್ತಿದ್ದ ಕೊಪ್ಪಲಿನ ಕೆಂಚಮ್ಮನಿಂದ ಅವನು ಕನ್ನಡ ಕಲಿತ. ಅವನು ‘ಹೋಗ್ತೀನಿ’ ಎಂದು ಹೊರಟರೆ ಅವಳು ಗದರುವಳಂತೆ: “ಹಂಗನ್ಬ್ಯಾಡಿ ಬುದ್ಧಿ, ಬತ್ತೀನಿ ಅನ್ನಿ. ಕಳಿಸೋರು ಹೋಗಿ ಬಾ ಅನ್ಬೇಕು.” ಪಾದ್ರಿಗೆ ಆ ಮಾತು ಬಲು ಹಿಡಿಸಿತು. ಆದರೆ ಸಾವಿನ ಮನೆಯಲ್ಲಿ ನಾವು ಅದನ್ನು ಅನ್ನುವುದಿಲ್ಲ, ಬಾಯಿ ಮುಚ್ಚಿಕೊಂಡು ಎದ್ದು ಬರುತ್ತೇವೆ. ಅದನ್ನು ಹೇಳಿಕೊಡುವುದು ಅವಳಿಗೆ ಹೊಳೆಯಲೇ ಇಲ್ಲ.

ಹೀಗಿರಲಾಗಿ ಸಮುದ್ರದಾಚೆ ಯುದ್ಧ ಹುಟ್ಟಿತು. ಗಾಯಾಳುಗಳ ಡೋಲಿ ಹೊರಲು ಕೊಪ್ಪಲಿನ ಗಂಡಸರನ್ನೂ ಹಡಗು ಹತ್ತಿಸಿದರು. ಕೆಂಚಮ್ಮನ ಒಬ್ಬನೇ ಮಗ ಬೋರಯ್ಯನೂ ಹೋದ. ಅವನನ್ನು ಕರೆದುಕೊಂಡು ಬನ್ನಿ ಎಂದು ಅವಳು ಪಾದ್ರಿಯ ಕಾಲು ಹಿಡಿದಳು. ಅವನು ಆಗಲಿ ಅಂದ. ಪಾಪ, ಆ ಮಾತೇ ಅವನ ಕೊರಳಿಗೆ ಉರುಲಾಯಿತು.

ಅಲ್ಲಿ ಗುಂಡಿಗಿಂತ ವಾಂತಿಭೇದಿಯೇ ಹೆಚ್ಚು ಜನರನ್ನು ತಿಂದಿತಂತೆ. ಸೋಲ್ಜರು ಸತ್ತರೆ ಪಾದ್ರಿಯ ಪುಸ್ತಕವಿತ್ತು. ಡೋಲಿಯವರು ಸತ್ತರೆ ಏನಿತ್ತು? ನಾಯಿ ಹೂಳಿದಂತೆ ಹೂಳಲು ಅವನ ಕರುಳು ಒಪ್ಪಲಿಲ್ಲ. ಒಬ್ಬೊಬ್ಬರ ಗುಂಡಿಯ ಬಳಿಯೂ ನಿಂತು, ತಾನು ಕಲಿತದ್ದರಲ್ಲಿ ಇದೇ ಒಳ್ಳೆಯ ಮಾತೆಂದು, ‘ಹೋಗಿ ಬಾ’ ಅಂದನಂತೆ. ಉಳಿದ ಡೋಲಿಯವರು ಬೆಚ್ಚಿಬಿದ್ದರು. ಸತ್ತವರಿಗೆ ಹಾಗೆ ಹೇಳಿದರೆ ಅವರು ಹೋಗದೆ ಇಲ್ಲೇ ಸುತ್ತುತ್ತಾರೆ ಎಂದು ತಿಳಿಸಿದರು. ಅಂದಿನಿಂದ ಪಾದ್ರಿಗೆ ಅನ್ನ ಸೇರಲಿಲ್ಲ. ಅವನು ಎಲ್ಲಿ ನಡೆದರೂ ಹಿಂದೆ ಡೋಲಿಗಳು ಕಿರುಗುಟ್ಟುತ್ತಾ ಬರುತ್ತಿದ್ದವು, ತಿರುಗಿ ನೋಡಿದರೆ ಯಾರೂ ಇಲ್ಲ, ಅಂತಾರೆ.

ಆಮೇಲೆ ಬೋರಯ್ಯನೂ ತೀರಿಕೊಂಡ. ಪಾದ್ರಿ ಅವನ ಕಣ್ಣು ಮುಚ್ಚಿಸಿ, ಮಣ್ಣು ಹಾಕಿ, ತುಟಿ ಬಿಚ್ಚದೆ ಎದ್ದು ಬಂದ.

ಯುದ್ಧ ಮುಗಿದ ಮೇಲೆ ಅವನು ನೆಟ್ಟಗೆ ಬಂದದ್ದು ಕೆಂಚಮ್ಮನ ಬಾಗಿಲಿಗೆ. ಮುಖ ನೋಡಿಯೇ ಅವಳಿಗೆ ತಿಳಿಯಿತು. ಕಳಿಸುವಾಗ ಏನೆಂದಿರಿ ಎಂದಷ್ಟೇ ಕೇಳಿದಳು. ಮೊದಲು ಸತ್ತವರಿಗೆ ತಿಳಿಯದೆ ತಪ್ಪು ಮಾತಾಡಿದೆ, ನಿನ್ನ ಮಗನಿಗೆ ಮಾತ್ರ ನಿಮ್ಮ ಪದ್ಧತಿಯಂತೆ ಏನೂ ಅನ್ನಲಿಲ್ಲ ಅಂದ.

“ಊರವ್ರ ಮಕ್ಕಳ್ಗೆಲ್ಲ ಹೋಗಿ ಬಾ ಅಂದ್ರಿ,” ಅಂದಳಂತೆ ಕೆಂಚಮ್ಮ. “ನನ್ನ ಮಗ್ನಿಗೊಬ್ನಿಗೆ ಅನ್ನಕ್ಕಾಗ್ನಿಲ್ವಾ ಬುದ್ಧಿ? ದೆವ್ವ ಆಗಿಯಾದ್ರೂ ಬತ್ತಿದ್ದ.”

ಪಾದ್ರಿ ಮತ್ತೆ ಯಾವ ಯುದ್ಧಕ್ಕೂ ಹೋಗಲಿಲ್ಲ. ದಂಡು ಕಿತ್ತು ಹೋದರೂ ಇಲ್ಲೇ ಉಳಿದು, ಸೊರಗಿ ಸತ್ತ. ಪುಸ್ತಕ ಓದುವವರು ಯಾರೂ ಇರಲಿಲ್ಲ. ಅಷ್ಟು ವರ್ಷ ಅವನೊಡನೆ ಮಾತು ಬಿಟ್ಟಿದ್ದ ಕೆಂಚಮ್ಮ ಗುಂಡಿಯ ಬಳಿ ಬಂದು, ಒಂದು ಹಿಡಿ ಮಣ್ಣು ಹಾಕಿ, “ಹೋಗ್ಬನ್ನಿ ಬುದ್ಧಿ. ಬರೋವಾಗ ಅವ್ನನ್ನೂ ಕರ್ಕೊಂಡ್ ಬನ್ನಿ” ಅಂದಳು ಅಂತಾರೆ.

ಈಗಲೂ ಸುತ್ತಲಿನ ಊರವರು ಸಾವಿನಲ್ಲಿ ತುಟಿ ಬಿಚ್ಚುವುದಿಲ್ಲ. ನಮ್ಮ ಕೊಪ್ಪಲಿನಲ್ಲಿ ಮಾತ್ರ, ಮಕ್ಕಳನ್ನು ಮಣ್ಣಿಗಿಡುವ ತಾಯಿ ‘ಹೋಗಿ ಬಾ’ ಅನ್ನುತ್ತಾಳೆ. ಅನ್ನಬಾರದೆಂದು ಎಲ್ಲರಿಗೂ ಗೊತ್ತು. ಯಾರೂ ತಡೆಯುವುದಿಲ್ಲ.