ಮಂಚಕ್ಕೆ ಕಟ್ಟಿದ ಕೆಂಪು ಟವೆಲ್ಲು

ಪರಮಪೂಜ್ಯ ನೀಲಗಂಗಮ್ಮ ತಾಯಿಯವರು ಮಠದ ಹಳೆಯ ದನದ ಕೊಟ್ಟಿಗೆಯನ್ನೇ ತೊಳೆದು, ಸುಣ್ಣ ಬಳಿಸಿ, ಹತ್ತು ಮಂಚ ಹಾಕಿಸಿ ರೋಗಿಗಳ ಸೇವೆ ನಡೆಸುತ್ತಿದ್ದರು. ತಾವು ಮಾತ್ರ ಮೂಲೆಯಲ್ಲಿ ಚಾಪೆಯ ಮೇಲೆ ಮಲಗುತ್ತಿದ್ದರು. ಆ ಪುಣ್ಯಾತ್ಮರ ಶಾಂತಿಯನ್ನು ಹೊಗಳಿದವರು ಬಹಳ ಮಂದಿ. ನಾನು ಅವರ ಸಿಟ್ಟನ್ನು ಕಂಡವನು. ಅದನ್ನು ಸಂಪಾದಿಸಿದ ಭಾಗ್ಯವಂತನೂ ನಾನೇ.

ಆಗ ನಾನು ಅಲ್ಲಿ ಸೇವಕ. ಬರೀ ಸೇವಕನೇ? ಹೊಸ್ತಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿದರೆ ಹತ್ತೂ ಜನರ ನಾಡಿ ನನಗೆ ತಿಳಿಯುತ್ತಿತ್ತು. ಏಳು ತಾಲ್ಲೂಕಿನಲ್ಲಿ ನನ್ನಂಥವನಿಲ್ಲ ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದ ಜನ ನಾನೊಬ್ಬನೇ, ಅದು ಬೇರೆ ಮಾತು.

ಸರದಿ ಬದಲಾಗುವಾಗ ನಮ್ಮಲ್ಲೊಂದು ರೂಢಿಯಿತ್ತು. ಹೋಗುವವನು ತನ್ನ ಹೆಗಲ ಕೆಂಪು ಟವೆಲ್ಲನ್ನು ಬಾಗಿಲಲ್ಲೇ ಬರುವವನ ಹೆಗಲಿಗೆ ಹಾಕಿ, "ಎಲ್ಲಾ ಆರಾಮ" ಎನ್ನುವುದು. ರೋಗಿಗಳ ಬಾಗಿಲಲ್ಲಿ ಕೆಟ್ಟದ್ದು ಆಡಬಾರದಲ್ಲ! ಟವೆಲ್ಲು ಕೊಟ್ಟರೆ ರೋಗಿಗಳನ್ನು ಒಪ್ಪಿಸಿದಂತೆ.

ಒಂದು ಮಧ್ಯಾಹ್ನ ಪ್ರಸಾದದ ಗಂಟೆ ಹೊಡೆಯಿತು. ವಾಂತಿಭೇದಿಯಾಗಿ ಬಂದಿದ್ದ, ಕಂಬಳಿ ನೇಯುವ ಮಡಿವಾಳಪ್ಪ ಮೂರನೆಯ ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ನಾನು ಮುಂದಿನ ಸರದಿಗೆ ಬಂದ ಈರಯ್ಯನ ಹೆಗಲಿಗೆ ಟವೆಲ್ಲು ಎಸೆದೆ.

"ಎಲ್ಲಾ ಆರಾಮ. ಮಡಿವಾಳಪ್ಪ ಹಾಯಾಗಿ ಮಲಗ್ಯಾನ, ಎಬ್ಬಿಸಬ್ಯಾಡ."

"ನೀ ಹೇಳಿದ ಮ್ಯಾಲ ಮುಗೀತು ಬಿಡೋ, ಧನ್ವಂತರಿ ಗದಿಗೆಪ್ಪಾ!"

ನಾನು ಎರಡನೇ ಸಲ ಹುಗ್ಗಿ ಬಡಿಸಿಕೊಳ್ಳುತ್ತಿದ್ದೆ. ಆಗ ಕೇಳಿತು, ಗಂಜಿ ಕೊಡಲು ಹೋಗಿದ್ದ ತಾಯಿಯವರ ಕೂಗು. ಆ ಒಂದು ಕೂಗಿಗೆ ಮಠದ ಹಂಚು ಅಲುಗಿದವು. ಕಾಗೆಗಳು ಮೂರು ದಿನ ಊರ ಕಡೆ ತಿರುಗಿ ನೋಡಲಿಲ್ಲ.

ಓಡಿದೆ. ತಾಯಿಯವರು ಮಡಿವಾಳಪ್ಪನ ಮುಂಗೈ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಅದು ಎತ್ತಿದಂತೆಯೇ ನಿಂತಿತು; ಮೈಯ ನೀರೆಲ್ಲ ಬತ್ತಿತ್ತು. ನಾಲಿಗೆ ಒಣಗಿದ ಹಲಗೆ. ಕರೆದರೆ ಬರೀ ನರಳಿಕೆ.

"ಬೆಳಗಿನಿಂದ ಎಷ್ಟು ನೀರು ಕುಡದಾನ? ಎಷ್ಟು ಸಲ ಮೂತ್ರ ಆಗೇತಿ?"

ನಾನು ಈರಯ್ಯನತ್ತ ಕೈ ತೋರಿಸಿದೆ. ಈರಯ್ಯ ನನ್ನತ್ತ ಕೈ ತೋರಿಸಿದ. ತಲೆದೆಸೆಯಲ್ಲಿ ಕುಳಿತಿದ್ದ ಮಡಿವಾಳಪ್ಪನ ಹೆಂಡತಿ ದ್ಯಾಮವ್ವನೇ ಬಾಯಿಬಿಟ್ಟಳು: "ನಸುಕಿನಿಂದ ಮೂತ್ರ ಇಲ್ರಿ ಯವ್ವಾ. ನನ್ನ ಗುರುತು ಹತ್ತದ, ಅವರವ್ವನ ಹೆಸರ ಹಿಡದು ಕರೀತಿದ್ರು. ಈ ಗದಿಗೆಪ್ಪಣ್ಣಗ ಹೇಳಿದ್ನಿ. ಜಡ್ಡಿನಾಗ ಎಲ್ಲಾ ಗಂಡಸರೂ ಅವ್ವನ್ನ ಕರೀತಾರ ಅಂತ ನಕ್ರು."

ತಾಯಿಯವರ ಕಣ್ಣು ಕೆಂಡವಾದವು.

"ನಿನ್ನ ನಗಿ ಇವನ ಜೀವ ತಿನ್ನಾಕ ಹತ್ತೇತಿ, ಗದಿಗೆಪ್ಪಾ! ಅಕಿ ಕಂಡದ್ದನ್ನ ನೀ ನುಂಗಿದಿ. ಟವೆಲ್ಲು ಕೊಟ್ಟಿ, ಸುದ್ದಿ ಕೊಡಲಿಲ್ಲ. ಈರಯ್ಯಾ, ನಿನಗ ಕೇಳಾಕ ಬಾಯಿ ಇರಲಿಲ್ಲೇನು?"

ಮಠದ ಜೀಪು ಡಾಕ್ಟರನ್ನು ಕರೆತಂದಿತು. ಸಲೈನ್ ಹಚ್ಚುತ್ತ ಅವರು ವಿವರ ಕೇಳಿದರು. ದ್ಯಾಮವ್ವ ಹೇಳಹೊರಟಳು. ತಾಯಿಯವರು ಅವಳನ್ನು ತಡೆದು ನನ್ನತ್ತ ಬೆರಳು ತೋರಿದರು. ಅವಳ ಮಾತನ್ನು ಒಂದಕ್ಷರ ಬಿಡದೆ ನಾನೇ ಹೇಳಬೇಕಾಯಿತು, ನನ್ನ ನಗುವನ್ನೂ ಸೇರಿಸಿ. ತುಂಬಿದ ಚಕ್ಕಡಿಯನ್ನು ಒಂಟಿಕೈಯಲ್ಲಿ ಎತ್ತಿದವನು ನಾನು. ಆ ನಾಲ್ಕು ಮಾತು ಎತ್ತುವಷ್ಟರಲ್ಲಿ ಬೆವತುಹೋದೆ.

ಸಂಜೆಗೆ ಮಡಿವಾಳಪ್ಪ ಕಣ್ಣು ಬಿಟ್ಟ. "ದ್ಯಾಮವ್ವಾ..." ಎಂದ. ಅವಳು ಸೆರಗು ಬಾಯಿಗೊತ್ತಿ ಅತ್ತಳು.

ತಾಯಿಯವರ ಸಿಟ್ಟು ಆಗಲೂ ಇಳಿದಿರಲಿಲ್ಲ. ಈರಯ್ಯನ ಹೆಗಲಿಂದ ಟವೆಲ್ಲು ಕಿತ್ತು ಆ ಮಂಚದ ಕಾಲಿಗೆ ಬಿಗಿದರು.

"ಇನ್ನ ಇದು ಬಾಗಿಲದಾಗ ಅಲ್ಲ. ಯಾರಿಗೆ ಭಾಳ ಜಡ್ಡೋ ಅವರ ಮಂಚಕ್ಕ. ಬರೋವ ಇಲ್ಲಿ ಬಂದು ಬಿಚ್ಚಲಿ. ಹೋಗೋವ ಕಂಡದ್ದನ್ನ ಹೇಳಲಿ, ಕೇಳಿದವ ತಿರುಗಿ ಹೇಳಿ ತೋರಸಲಿ."

ಆಮೇಲೆ ಹನ್ನೆರಡು ವರ್ಷ ಅಲ್ಲೇ ಸೇವೆ ಮಾಡಿದೆ. ಟವೆಲ್ಲಿನ ಗಂಟಿಗೆ ಕೈ ಹಾಕುವ ಮೊದಲು ರೋಗಿಯ ಮನೆಯವರನ್ನು ಕೇಳುತ್ತಿದ್ದೆ: "ನೀವು ಏನು ಕಂಡ್ರಿ?" ಮಿಕ್ಕ ವಿಷಯದಲ್ಲಿ ನನ್ನ ಬಾಯಿ ಈಗಲೂ ಉದ್ದವೇ; ಅಂದು ಹಾರಿದ ಕಾಗೆಗಳು ಅಸಲಿಗೆ ಆ ಸಂಜೆಯೇ ಮರಳಿ ಬಂದಿದ್ದವು. ಆದರೆ ರೋಗಿಯ ಮೈ ಮುಟ್ಟಿ ನೋಡದೆ "ಆರಾಮ" ಎಂಬ ಮಾತು ನನ್ನ ಬಾಯಿಂದ ಮತ್ತೆಂದೂ ಹೊರಟಿಲ್ಲ.